ಸುಣ್ಣದ ತಿಳಿ ಮತ್ತು ಅತ್ತೆಯ ಪ್ರಯಾಣ

ಆರು ವರ್ಷಗಳಿಂದ ಅತ್ತೆ ಎರಡು ದಿನ ಕೂಡ ಮನೆ ಬಿಟ್ಟವರಲ್ಲ. ಕಾರಣ, ಹಜಾರದ ಉಪ್ಪುನೀರಿನ ಗಾಜಿನ ತೊಟ್ಟಿ. ಅದರಲ್ಲಿ ಎರಡು ಮೀನು, ಒಂದು ಮುಷ್ಟಿಯಷ್ಟು ಹವಳ. ಹವಳ ಬೆಳೆಯಲು ಸುಣ್ಣ ಬೇಕು. ಅತ್ತೆ ದಿನವೂ ಸುಣ್ಣದ ತಿಳಿನೀರನ್ನು ಹನಿಹನಿಯಾಗಿ ಬಿಟ್ಟು, ಗಾಜಿನ ನಳಿಕೆಯಲ್ಲಿ ತೊಟ್ಟಿಯ ನೀರು ಹಿಡಿದು, ಔಷಧಿ ಹನಿಸಿ, ಬಣ್ಣ ನೋಡಿ, ಸುಣ್ಣ ಬಿದ್ದರೆ ಏರುವ ಪಿಎಚ್ ಅಂಕಿಯನ್ನು ಬರೆದಿಡುತ್ತಿದ್ದರು. ಈಗ ಮಗಳು ಒಂದು ತಿಂಗಳ ಮಟ್ಟಿಗೆ ಕರೆದಿದ್ದಾಳೆ. ಶನಿವಾರದ ರೈಲಿಗೆ ಟಿಕೆಟ್ ಆಗಿದೆ, ಹೊರಡುವ ಮನಸ್ಸು ಆಗಿಲ್ಲ.

“ತೊಟ್ಟೀನ ನಿಮ್ಮ ಮಗನ ಕೈಗೆ ಕೊಟ್ಟು ಹೋಗ್ತೀನಿ ಅಂದ್ರೆ ನಾನೇ ಬೇಡ ಅಂತೀನಿ,” ಎಂದಳು ಸೊಸೆ. “ಯಂತ್ರದ ಕೈಗೆ ಕೊಡಿ ಅತ್ತೆ.”

“ನಾನಿಲ್ಲೇ ಕೂತಿದೀನಿ ಕಣೇ,” ಎಂದ ಗಂಡ.

ಸೊಸೆ ನಗರದ ನೀರು ಶುದ್ಧೀಕರಣ ಘಟಕದಲ್ಲಿ ರಸಾಯನಶಾಸ್ತ್ರಜ್ಞೆ. ಸೋಮವಾರವೇ ಪಿಎಚ್ ಅಳೆಯುವ ಕಡ್ಡಿ, ಅದರ ಅಂಕಿ ತೋರಿಸುವ ಪರದೆ, ಸುಣ್ಣದ ನೀರು ಹನಿಸುವ ಪುಟ್ಟ ಪಂಪು ಜೋಡಿಸಿದಳು. ಪಿಎಚ್ ಇಳಿದರೆ ಪಂಪು ಹನಿಸಬೇಕು, ಎಂಟು ಪಾಯಿಂಟ್ ಮೂರು ಮುಟ್ಟಿದರೆ ನಿಲ್ಲಬೇಕು. ವೈರು, ಕೊಳವೆ ಅಡ್ಡಾದಿಡ್ಡಿ ಬಿದ್ದಿದ್ದರೆ ಅವಳಿಗೆ ಊಟ ಸೇರುವುದಿಲ್ಲ. ಕಡ್ಡಿಯನ್ನೂ ಪಂಪಿನ ಕೊಳವೆಯನ್ನೂ ತೊಟ್ಟಿಯ ಎಡಮೂಲೆಯಲ್ಲಿ ಒಂದೇ ಕ್ಲಿಪ್ಪಿಗೆ ಒಪ್ಪವಾಗಿ ಸಿಕ್ಕಿಸಿದಳು.

ಬುಧವಾರ ಹವಳ ಮುದುಡಿತು.

“ಪರದೆ ಮೇಲೆ ಎಂಟು ಪಾಯಿಂಟ್ ಮೂರೇ ಇದೆ, ನೋಡಿ,” ಎಂದಳು ಸೊಸೆ.

“ಪರದೆ ನೀನು ನೋಡ್ಕೊ. ಹವಳ ನಾನು ನೋಡ್ತೀನಿ.” ಅತ್ತೆ ಎಂದಿನಂತೆ ತೊಟ್ಟಿಯ ಬಲತುದಿಯಿಂದ ನೀರು ತೆಗೆದರು. ನಳಿಕೆಯ ನೀರು ಕಂದುಬಣ್ಣಕ್ಕೆ ತಿರುಗಿತು: ಏಳು ಪಾಯಿಂಟ್ ಎಂಟು.

“ನಿಮ್ಮ ಔಷಧಿ ಹಳೇದಾಗಿರ್ಬೇಕು.”

“ಓಹೋ! ಹಾಗಾದ್ರೆ ನಿನ್ನ ಕಡ್ಡಿ ಪಕ್ಕದ್ದೇ ತೆಗೀತೀನಿ, ತಾಳು.” ಅದೇ ಔಷಧಿ, ಈ ಬಾರಿ ಗಾಢ ನೇರಳೆ: ಪರದೆಯ ಎಂಟು ಪಾಯಿಂಟ್ ಮೂರೇ.

ತನ್ನ ಕಡ್ಡಿ ಸರಿಯೆಂದು ಸೊಸೆಯ ಮುಖ ಇಷ್ಟಗಲವಾಯಿತು, ಮರುಕ್ಷಣ ಇಳಿಯಿತು. ಆ ಮೂಲೆಯಲ್ಲಿ ನೀರಿಗೆ ಓಟವಿಲ್ಲ. ಬಿದ್ದ ಸುಣ್ಣದ ಹನಿ ಅಲ್ಲೇ ನಿಲ್ಲುತ್ತಿತ್ತು. ಕಡ್ಡಿ ಅದನ್ನೇ ಅಳೆದು, ಸಾಕು ಎಂದು ಪಂಪನ್ನು ನಿಲ್ಲಿಸುತ್ತಿತ್ತು. ಹನಿ ಬೀಳುವಲ್ಲೇ ಅಳೆಯಬೇಡ ಎಂಬುದು ಘಟಕಕ್ಕೆ ಸೇರಿದ ಮೊದಲ ವಾರವೇ ಕಲಿಸುವ ಪಾಠ.

“ಬಡಿಸೋನು ತಾನುಂಡು, ಎಲ್ರ ಹೊಟ್ಟೇನೂ ತುಂಬ್ತು ಅಂದ ಹಾಗಾಯ್ತಲ್ಲೇ,” ಎಂದು ಅತ್ತೆ ನಕ್ಕರು.

“ನಮ್ಮ ಆಫೀಸಿನವ್ರಿಗೆ ಮಾತ್ರ ಹೇಳ್ಬೇಡಿ ಅತ್ತೆ, ದಮ್ಮಯ್ಯ.”

ಅವಳು ಕಡ್ಡಿಯನ್ನು ಬಲತುದಿಗೆ ಕಟ್ಟಿ, ಕೊಳವೆಯನ್ನು ನೀರು ರಭಸವಾಗಿ ಹರಿಯುವ ಕಡೆಗೆ ಒಯ್ದಳು. ವೈರು ತೊಟ್ಟಿಯ ಮೇಲೆ ಸೊಟ್ಟಗೆ ಜೋತಾಡಿತು. ಹಲ್ಲು ಕಚ್ಚಿ ಸಹಿಸಿದಳು. ಪಿಎಚ್ ಒಮ್ಮೆಲೇ ನೆಗೆಯದಂತೆ ಪಂಪಿನ ವೇಗವನ್ನೂ ತಗ್ಗಿಸಿದಳು.

ಶುಕ್ರವಾರ ಸಂಜೆ ಅತ್ತೆ ಮೂರು ಕಡೆಯಿಂದ ನೀರು ತೆಗೆದು ನೋಡಿದರು. ಮೂರೂ ಪರದೆಯ ಅಂಕಿಯನ್ನೇ ಹೇಳಿದವು. ಹವಳ ಬೆರಳುಗಳನ್ನು ಚಾಚಿತ್ತು. ಅತ್ತೆ ನಾಲ್ಕನೇ ಸಲ ನಳಿಕೆ ಎತ್ತಿಕೊಂಡರು.

“ಏನತ್ತೆ, ಇನ್ನೂ ಅನುಮಾನಾನಾ?”

“ಅನುಮಾನ ಅಲ್ಲ ಕಣೇ. ನಾನಿಲ್ದೆ ಇಷ್ಟು ಚೆನ್ನಾಗಿರುತ್ತೆ ಅಂತ ಗೊತ್ತಿದ್ರೆ ಆರು ವರ್ಷ ಕಾಯ್ತಿದ್ನಾ?” ಎಂದವರೇ ಮಗನತ್ತ ತಿರುಗಿದರು. “ಏಳೋ, ಅಟ್ಟದಿಂದ ಸೂಟ್‌ಕೇಸ್ ಇಳಿಸು. ಚಿಕ್ಕದಲ್ಲ, ದೊಡ್ಡದು. ಒಂದು ತಿಂಗಳು ಸಾಲಲ್ಲ ಅನ್ಸುತ್ತೆ.”