ವ್ಯಾನಿನಲ್ಲಿ ಯಾರು

"ವ್ಯಾನಿನಲ್ಲಿ ಲೀಲಾ ಇರ್ತಾಳೆ," ಎಂದ ಮಹಾಬಲ, ನಕ್ಷೆಯ ಮೇಲಿಂದ ಪೆನ್ಸಿಲ್ ಎತ್ತದೆ.

ಲೀಲಾಕ್ಷಿ ಆಗಷ್ಟೇ ಗೋಳಿಬಜೆಯ ತಟ್ಟೆ ಹಿಡಿದುಕೊಂಡು ಅಡುಗೆಮನೆಯಿಂದ ಬಂದಿದ್ದಳು. ಊಟದ ಮೇಜಿನ ಮೇಲೆ ಇಂಗ್ಲೆಂಡಿನ ಕರಾವಳಿ ಪೂರ್ತಿ ಹರಡಿತ್ತು; ತಟ್ಟೆ ಇಡಲು ಜಾಗವಿರಲಿಲ್ಲ. ನಕ್ಷೆ ಕಳಿಸಿದವನು ಗೆಳೆಯ ಎರಿಕ್‌ನ ತಮ್ಮ. ಅವನ ಮನೆ ಹೇಸ್ಟಿಂಗ್ಸ್ ಎಂಬ ಊರಿನಲ್ಲಿತ್ತು. ಜುಲೈ ರಜೆಯಲ್ಲಿ ಎಲ್ಲರೂ ಅಲ್ಲಿಗೆ ಹೋಗುವುದು, ಬಾಡಿಗೆ ಸೈಕಲ್ ತೆಗೆದುಕೊಂಡು ಸಮುದ್ರದ ಬದಿಯಲ್ಲೇ ಬ್ರೈಟನ್‌ವರೆಗೆ ಹೋಗುವುದು, ಅವಸರವಿಲ್ಲದೆ, ಮನಸ್ಸು ಬಂದಲ್ಲಿ ನಿಂತು ಚಾ ಕುಡಿಯುತ್ತಾ. ಆರಾಮ, ಆರಾಮ ಎಂದು ಆ ಸಂಜೆಯಿಡೀ ಹೇಳುತ್ತಿದ್ದರು. ಆ ಆರಾಮ ಎಲ್ಲಿಂದ ಬರಲಿದೆ ಎಂಬುದು ಲೀಲಾಕ್ಷಿಗೆ ಈಗ ಗೊತ್ತಾಯಿತು. ಎರಿಕ್‌ನ ತಮ್ಮ ಓಡಿಸುವ ವ್ಯಾನು ಕುಕ್ಕರ್, ಕುಚ್ಚಲಕ್ಕಿ, ಉಪ್ಪಿನಕಾಯಿ, ಮಕ್ಕಳು ಎಲ್ಲವನ್ನೂ ಹೊತ್ತು ಮುಂದೆ ಹೋಗಬೇಕು. ಸವಾರರು ಬಂದು ಮುಟ್ಟುವಷ್ಟರಲ್ಲಿ ಅನ್ನ ಆಗಿರಬೇಕು.

"ಲೀಲಕ್ಕ ಸೈಕಲ್ ಬಿಡುದಿಲ್ವಾ?" ಎಂದು ಎರಿಕ್ ಕೇಳಿದ. ಅವನೂ ಊರಿನ ಕಡೆಯವನೇ; ಈ ಕೊಲ್ಲಿ ದೇಶದಲ್ಲಿ ಅವನ ಮನೆ ಮನಾಮಾದ ಗುದೈಬಿಯಾದಲ್ಲಿ, ಕೆಲಸ ಮಹಾಬಲನ ಕಂಪನಿಯಲ್ಲೇ. ಕೇಳಿದ್ದರಲ್ಲಿ ಕುಚೋದ್ಯವಿರಲಿಲ್ಲ.

"ಅವಳಿಗೆಲ್ಲಿಯ ಸೈಕಲ್ ಮಾರಾಯ. ಲಿಫ್ಟಿಗೆ ಹತ್ತುವಾಗ್ಲೇ ನನ್ನ ಕೈ ಹಿಡೀತಾಳೆ," ಎಂದು ಅವಳ ಗಂಡ ಮಹಾಬಲನೇ ಉತ್ತರಿಸಿದ.

ಎಲ್ಲರೂ ನಕ್ಕರು. ಎರಿಕ್‌ನ ಹೆಂಡತಿ ಬ್ರಿಜಿಟ್ ಕೂಡ ನಗುತ್ತಲೇ ನಕ್ಷೆಯ ಒಂದು ಮೂಲೆ ಮಡಚಿ ತಟ್ಟೆಗೆ ಜಾಗ ಮಾಡಿದಳು. ಅವಳು ಆಸ್ಪತ್ರೆಯಲ್ಲಿ ನರ್ಸು. ಅವಳ ಸೈಕಲ್ ಈಗಾಗಲೇ ಯೋಜನೆಯಲ್ಲಿತ್ತು. ಪಕ್ಕದ ಫ್ಲಾಟಿನ ಜಯಂತ್ ಬಜೆಯೊಂದನ್ನು ಬಾಯಿಗೆ ಹಾಕಿಕೊಂಡು, "ನಿಮ್ಗೆ ಸೈಕಲ್ ಟಚ್ ಉಂಟಾ ಮಹಾಬಲಣ್ಣ?" ಎಂದ.

"ಟಚ್ಚಾ? ಕಾಪುವಿನಿಂದ ಉಡುಪಿಗೆ ಮೂರು ವರ್ಷ ಸೈಕಲ್‌ನಲ್ಲೇ ಕಾಲೇಜಿಗೆ ಹೋದವ ನಾನು. ಎದುರು ಗಾಳಿ ಬಂದ್ರೆ ಎದ್ದು ನಿಂತು ತುಳಿಯುದು."

ಲೀಲಾಕ್ಷಿ ಅವನ ಮುಖವನ್ನೇ ನೋಡಿದಳು. ಅವನು ಚಟ್ನಿ ಕೇಳಿದ.

ಮಹಾಬಲನಿಗೆ ಸೈಕಲ್ ಬರುತ್ತಿರಲಿಲ್ಲ. ಇದನ್ನು ಅವಳಿಗೆ ಹೇಳಿದವರು ಅವಳ ಅತ್ತೆಯೇ. ದೊಡ್ಡ ಮಗ ಕೆರೆಗೆ ಬಿದ್ದು ತೀರಿಕೊಂಡ ಮೇಲೆ ಉಳಿದ ಒಬ್ಬನನ್ನು ಅವರು ಮರ ಹತ್ತಲು ಬಿಡಲಿಲ್ಲ, ನೀರಿಗೆ ಇಳಿಯಲು ಬಿಡಲಿಲ್ಲ, ಸೈಕಲ್ ಮುಟ್ಟಲು ಬಿಡಲಿಲ್ಲ. ಕಾಲೇಜಿಗೆ ಬಸ್ಸಿನಲ್ಲಿ ಹೋಗುತ್ತಿದ್ದ. ಕಿಟಕಿಯ ಹತ್ತಿರ ಕುಳಿತುಕೊಳ್ಳಬೇಡ ಎಂದು ಹೇಳಿ ಕಳಿಸುತ್ತಿದ್ದರಂತೆ.

ಸೈಕಲ್ ಬರುತ್ತಿದ್ದದ್ದು ಅವಳಿಗೆ. ಶಂಕರಪುರದ ಹತ್ತಿರದ ಅವಳ ಮನೆಯಲ್ಲಿ ಮಲ್ಲಿಗೆಯೇ ಬದುಕು. ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟದ್ದೂ ಮಲ್ಲಿಗೆಗಾಗಿಯೇ. ಬೆಳಕು ಹರಿಯುವ ಮೊದಲು ಮೊಗ್ಗು ಕೊಯ್ಯುವುದು, ಅಮ್ಮ ಮತ್ತು ಅಕ್ಕ ಬಾಳೆನಾರಿನಲ್ಲಿ ಕಟ್ಟಿ ಮುಗಿಸಿದ ಹೂವಿನ ಚೆಂಡುಗಳನ್ನು ಬಾಳೆಎಲೆಯಲ್ಲಿ ಸುತ್ತಿ, ಊರವರ ಹೂವೆಲ್ಲ ಕೂಡಿಸಿ ಪೇಟೆಗೆ ಕಳಿಸುವ ಹೂವಿನ ಕಟ್ಟೆಗೆ ಮುಟ್ಟಿಸುವುದು. ಕಟ್ಟೆಯವರ ಕಾರು ಯಾರಿಗೂ ಕಾಯುವುದಿಲ್ಲ. ಅದು ಹೊರಟ ಮೇಲೆ ಬಂದ ಹೂವು ಮನೆಯ ದೇವರಿಗೆ. ಅಪ್ಪನ ಎತ್ತರದ ಸೈಕಲ್‌ನಲ್ಲಿ, ಮೊದಲು ಬಾರಿನ ಕೆಳಗಿಂದ ಕಾಲು ತೂರಿಸಿ, ಆಮೇಲೆ ಸೀಟಿನ ಮೇಲೆಯೇ ಕುಳಿತು, ಲಂಗವನ್ನು ಸೊಂಟಕ್ಕೆ ಸಿಕ್ಕಿಸಿ ಅವಳು ಹೋಗುತ್ತಿದ್ದಳು. ಮಳೆಗಾಲದ ಕೆಸರಿನಲ್ಲಿ ಕೂಡ ಒಂದು ಚೆಂಡು ಬೀಳಿಸಿದವಳಲ್ಲ.

ಮಹಾಬಲನಿಗೆ ಇದೆಲ್ಲ ಗೊತ್ತಿಲ್ಲದ್ದೇನಲ್ಲ. ನಿಶ್ಚಯವಾದ ವಾರದಲ್ಲಿ ಅವನೇ ಅವಳ ಮನೆಗೆ ಬಂದು, ಜಗಲಿಯಲ್ಲಿ ಬೆಲ್ಲ-ನೀರು ಕುಡಿದು, "ಇನ್ನು ಸೈಕಲ್ ಬೇಡ, ನೋಡಿದವರು ನನ್ನತ್ರ ಕೇಳ್ತಾರೆ," ಎಂದಿದ್ದ. ಮರುದಿನದಿಂದ ಅಕ್ಕ ಹೂವು ತಲೆಯ ಮೇಲೆ ಹೊತ್ತು ನಡೆದಳು.

ಬಂದವರು ಹೋದ ಮೇಲೆ ಅವಳು ಮೇಜು ಒರೆಸುತ್ತಾ ಕೇಳಿದಳು. "ನಂಗೆ ಸೈಕಲ್ ಬರುದಿಲ್ಲ ಅಂತ ಯಾಕೆ ಹೇಳಿದ್ದು?"

"ಮತ್ತೆಂತ ಹೇಳ್ಬೇಕಿತ್ತು? ಹೂ ಮಾರ್ಲಿಕ್ಕೆ ಹೋಗ್ತಿದ್ಲು ಅಂತಲಾ?"

"ಮಾರ್ಲಿಕ್ಕೆ ಅಲ್ಲ. ಕಟ್ಟೆಗೆ ಕೊಡ್ಲಿಕ್ಕೆ."

"ಎರಡೂ ಒಂದೇ."

ಅವಳ ಕೈಯಲ್ಲಿದ್ದ ಬಟ್ಟೆ ಅಲ್ಲೇ ನಿಂತಿತು. ಶನಿವಾರ ಸಂಜೆ ಮನಾಮಾಕ್ಕೆ ಹೋಗಿ, ವಿಮಾನದಲ್ಲಿ ಬಂದ ಅದೇ ಮಲ್ಲಿಗೆಯನ್ನು ಪೂಜೆಗೆಂದು ಕೊಂಡು ತರುವವನು ಇವನೇ. ಅದನ್ನು ಕೊಂಡರೆ ಗೌರವ, ಕೊಟ್ಟರೆ ನಾಚಿಕೆ. ಅವಳು ಇನ್ನೇನೋ ಹೇಳಬೇಕೆಂದುಕೊಂಡಳು, ಆದರೆ ಅವನು ಆಗಲೇ ಟಿ.ವಿ. ಹಾಕಿದ್ದ.

ವಾರದೊಳಗೆ ಸಲ್ಮಾಬಾದ್‌ನ ಗೋದಾಮಿನಿಂದ ಕಂಪನಿಯ ಪಿಕಪ್ಪಿನಲ್ಲಿ ಒಂದು ಸೈಕಲ್ ಬಂತು. ಹೊಸದಲ್ಲ, ಯಾರೋ ಊರಿಗೆ ಹೋಗುವವರು ಬಿಟ್ಟು ಹೋದದ್ದು. ಮಹಾಬಲ ಅದನ್ನು ಬಾಲ್ಕನಿಯಲ್ಲಿ ಗ್ಯಾಸ್ ಸಿಲಿಂಡರಿನ ಪಕ್ಕ ನಿಲ್ಲಿಸಿ, ಬೆಲ್ ಒಂದು ಸಲ ಬಾರಿಸಿ ನೋಡಿದ. ಊಟ ಮಾಡುವಾಗ ತಟ್ಟೆ ನೋಡುತ್ತಾ, "ನಾಳೆ ಬೆಳಿಗ್ಗೆ ನೀನು ಸ್ವಲ್ಪ ಬರ್ಬೇಕು. ಹಿಂದೆ ಹಿಡ್ಕೊಳ್ಲಿಕ್ಕೆ," ಎಂದ.

"ಎಂತ ಹಿಡ್ಕೊಳ್ಳುದು?"

"ಸೈಕಲ್. ಟಚ್ ಹೋಗಿದೆ."

ಇಲ್ಲದ ಟಚ್ ಹೋಗುವುದು ಹೇಗೆ ಎಂದು ಅವಳು ಕೇಳಲಿಲ್ಲ. ಹನ್ನೆರಡು ವರ್ಷದ ಕ್ಷಮಾ ಎದುರಲ್ಲೇ ಕುಳಿತಿದ್ದಳು. ಮಗಳ ಎದುರು ಅವನ ಮರ್ಯಾದೆ ತೆಗೆಯಬಾರದು ಎಂದು ಅವಳಿಗೆ ತೋರಿತು. ತನ್ನ ಮರ್ಯಾದೆಯನ್ನು ಮೇಜಿನ ಸುತ್ತ ಕುಳಿತವರೆಲ್ಲರ ಎದುರು ತೆಗೆಯುವಾಗ ಅವನಿಗೆ ಹಾಗೆ ತೋರಿರಲಿಲ್ಲ ಎಂಬುದು ಆಮೇಲೆ ಪಾತ್ರೆ ತೊಳೆಯುವಾಗ ಹೊಳೆಯಿತು.

ಸನದ್ ಎಂಬಲ್ಲಿದ್ದ ಅವರ ಕಟ್ಟಡದ ಹಿಂದೆ ಕಟ್ಟಲು ಶುರು ಮಾಡಿ ನಿಲ್ಲಿಸಿದ ಒಂದು ಸೈಟು ಇತ್ತು. ಮಣ್ಣು ಗಟ್ಟಿಯಾಗಿ ಸಮತಟ್ಟಾಗಿತ್ತು. ಬೆಳಗಿನ ನಮಾಜಿನ ಕರೆ ಮುಗಿದು ಸ್ವಲ್ಪ ಹೊತ್ತಿಗೆ ಇಬ್ಬರೂ ಅಲ್ಲಿಗೆ ಹೋದರು. ಮಹಾಬಲ ಸೀಟಿನ ಮೇಲೆ ಕುಳಿತ. ಲೀಲಾಕ್ಷಿ ಸೆರಗನ್ನು ಸೊಂಟಕ್ಕೆ ಬಿಗಿದು ಹಿಂದಿನ ಕ್ಯಾರಿಯರ್ ಹಿಡಿದಳು. ಅವನ ಭಾರವೆಲ್ಲ ಅವಳ ಒಂದು ಮಣಿಕಟ್ಟಿನ ಮೇಲೆ ಬಂತು.

"ಕೆಳಗೆ ನೋಡ್ಬೇಡಿ. ದೂರ ನೋಡಿ."

"ನಂಗೆ ಹೇಳಿಕೊಡ್ಬೇಡ. ಹಿಡ್ಕೋ ಸಾಕು."

"ಹ್ಯಾಂಡಲ್ ಅಷ್ಟು ಬಿಗಿ ಹಿಡಿದ್ರೆ ಅದು ತಿರುಗುದೇ ಇಲ್ಲ."

"ನೀನು ಅಲ್ಲಾಡಿಸ್ತಿದ್ದಿ, ಅದಕ್ಕೆ."

ಸೈಟಿನ ಕಾವಲುಗಾರ, ಬಿಳಿ ಗಡ್ಡದ ಪಠಾಣ, ತನ್ನ ಗೂಡಿನ ಹೊರಗೆ ಮಗ್ಗಿನಲ್ಲಿ ಚಾ ಹಿಡಿದು ಕುಳಿತು ನೋಡುತ್ತಿದ್ದ. ಎರಡನೆಯ ಸುತ್ತಿನಲ್ಲಿ ಅವನ ಎದುರು ಬಂದಾಗ ಸೈಕಲ್ ವಾಲಿತು, ಮಹಾಬಲ ಕಾಲು ಕೊಟ್ಟು ನಿಂತ. ಉಸಿರು ಎಳೆದುಕೊಳ್ಳುತ್ತಾ ಅವನು ಕಾವಲುಗಾರನಿಗೆ, "ಬೀಬಿ ಕೋ ಸಿಖಾ ರಹಾ ಹೂಂ," ಎಂದ. ಹೆಂಡತಿಗೆ ಕಲಿಸುತ್ತಿದ್ದೇನೆ.

ಮುದುಕ ಸೀಟಿನ ಮೇಲಿದ್ದವನನ್ನು ನೋಡಿದ. ಕ್ಯಾರಿಯರ್ ಹಿಡಿದವಳನ್ನು ನೋಡಿದ. ಮತ್ತೆ ಚಾ ಕುಡಿದ.

ಕ್ಯಾರಿಯರ್ ಬಿಟ್ಟುಬಿಡಬೇಕು ಎಂದು ಲೀಲಾಕ್ಷಿಯ ಬೆರಳುಗಳಿಗೆ ಅನ್ನಿಸಿತು. ಬಿಡಲಿಲ್ಲ, ಬಿದ್ದರೆ ಅವನ ಮೊಣಕಾಲಿಗೆ ಮುಲಾಮು ಹಚ್ಚುವವಳೂ ಅವಳೇ. ಮನೆಗೆ ಮರಳುವಾಗ ಸೈಕಲ್ ದೂಡುತ್ತಾ, "ಅಲ್ಲಿ ನಾನೂ ಸೈಕಲ್‌ನಲ್ಲೇ ಬರ್ತೇನೆ," ಎಂದಳು.

"ವ್ಯಾನಿಗೆ ಯಾರು ಮತ್ತೆ?"

"ಯಾರಾದ್ರೂ. ದಿನಕ್ಕೊಬ್ರು."

"ಇಷ್ಟು ವರ್ಷ ಇಲ್ಲದ್ದು ಈಗ ಶುರುವಾಯ್ತಾ? ಜನ ನೋಡ್ತಾರೆ."

"ಇಂಗ್ಲೆಂಡಿನಲ್ಲಿ ಯಾವ ಜನ?"

ಮರುದಿನವೂ ಅವಳು ಹಿಡಿದಳು, ಅದರ ಮರುದಿನವೂ. ಅವನಿಗೆ ಬರಲಿಲ್ಲ. ಕೈ ಬಿಟ್ಟ ಕೂಡಲೇ ಗೊತ್ತಾಗುತ್ತಿತ್ತು. ಕತ್ತು ತಿರುಗಿಸಿ ಅವಳು ಇದ್ದಾಳೋ ಇಲ್ಲವೋ ನೋಡುತ್ತಿದ್ದ, ನೋಡಿದ ಕೂಡಲೇ ವಾಲುತ್ತಿದ್ದ. ಅವನ ಹೆದರಿಕೆ ಕಂಡು ಅವಳಿಗೆ ಒಂದೊಂದು ಸಲ ಪಾಪ ಅನ್ನಿಸುವುದಿತ್ತು. ಅಷ್ಟರಲ್ಲಿ ಅವನು, "ನಿನ್ನಿಂದಾಗಿಯೇ," ಎನ್ನುತ್ತಿದ್ದ.

ಶುಕ್ರವಾರ ಬೆಳಿಗ್ಗೆ ಸಿತ್ರಾದ ಸೇತುವೆಯ ಹತ್ತಿರ, ನೀರಿನ ಬದಿಯಲ್ಲಿ, ಎಲ್ಲರೂ ಸೇರಿ ಒಮ್ಮೆ ಅಭ್ಯಾಸ ಮಾಡಿ ನೋಡುವುದು ಎಂದು ನಿರ್ಧಾರವಾಗಿತ್ತು. ಗುರುವಾರ ಮಧ್ಯಾಹ್ನ ಬ್ರಿಜಿಟ್ ಫೋನ್ ಮಾಡಿದಳು.

"ಎಂತ ಲೀಲಾ, ನೀವು ಅಷ್ಟು ಹೆದರುದಾ?"

"ಎಂತದಕ್ಕೆ?"

"ಮಹಾಬಲ ಎರಿಕ್‌ನತ್ರ ಹೇಳಿದ್ನಂತೆ, ನಾಳೆ ಬರ್ಲಿಕ್ಕೆ ಆಗುದಿಲ್ಲ, ತಾನು ಸೈಕಲ್ ಹತ್ತಿದ್ರೆ ಲೀಲಾ ಅಳ್ತಾಳೆ ಅಂತ. ಬೀಳ್ತಾರೆ ಅಂತ ನಿಮ್ಗೆ ಹೆದರಿಕೆಯಂತೆ. ಗಂಡಸರನ್ನು ಅಷ್ಟೆಲ್ಲ ಕಟ್ಟಿ ಹಾಕ್ಬಾರ್ದು ಮಾರಾಯ್ರೆ, ಸ್ವಲ್ಪ ಬಿಡಿ." ಅವಳು ನಕ್ಕಳು. ಒಳ್ಳೆಯ ಮನಸ್ಸಿನ ನಗು. "ಕೇಳ್ತಾ ಉಂಟಾ?"

"ಕೇಳ್ತಾ ಉಂಟು," ಎಂದಳು ಲೀಲಾಕ್ಷಿ.

ರಿಸೀವರ್ ಇಟ್ಟ ಮೇಲೂ ಅವಳು ಫೋನಿನ ಹತ್ತಿರವೇ ನಿಂತಿದ್ದಳು. ಸೈಕಲ್ ಬರುವುದಿಲ್ಲ ಎಂದದ್ದು ಒಂದು. ಕಲಿಸುವವನು ತಾನೇ ಎಂದದ್ದು ಒಂದು. ಈಗ ಅವನ ತಾಯಿಯ ಹೆದರಿಕೆಯನ್ನು, ಅವನ ಸ್ವಂತ ಹೆದರಿಕೆಯನ್ನು ಒಟ್ಟಿಗೆ ಗಂಟು ಕಟ್ಟಿ ಅವಳ ತಲೆಯ ಮೇಲೆ ಇಟ್ಟಿದ್ದ. ಅವಳು ಅಳುತ್ತಾಳಂತೆ. ಮದುವೆಯಾಗಿ ವಿಮಾನ ಹತ್ತುವಾಗ ಕೂಡ ಅತ್ತವಳಲ್ಲ ಅವಳು. ಒಲೆಯ ಮೇಲೆ ಸಾರು ಉಕ್ಕಿತು. ಹೋಗಿ ಬೆಂಕಿ ಸಣ್ಣ ಮಾಡಿದಳು.

ಆ ಸಂಜೆ ಅವಳು ಅವನಿಗೆ ಎಂದಿನಂತೆ ಚಾ ಕೊಟ್ಟಳು, ಅಂಗಿಗೆ ಇಸ್ತ್ರಿ ಹಾಕಿದಳು.

ಶುಕ್ರವಾರ ಬೆಳಿಗ್ಗೆ ಅವನು ಮಲಗಿಯೇ ಇದ್ದ. ಲೀಲಾಕ್ಷಿ ಪಾರ್ಕಿಗೆ ಹೋಗುವಾಗ ಮಾತ್ರ ತೊಡುವ ಚೂಡಿದಾರ ತೊಟ್ಟಳು. ದುಪಟ್ಟಾವನ್ನು ಎದೆಗೆ ಅಡ್ಡವಾಗಿ ಸುತ್ತಿ ಸೊಂಟದಲ್ಲಿ ಗಂಟು ಹಾಕಿದಳು. ಸೈಕಲ್ಲನ್ನು ಬಾಲ್ಕನಿಯಿಂದ ತರುವಾಗ ಪೆಡಲ್ ಸೋಫಾಕ್ಕೆ ತಾಗಿತು. ಕ್ಷಮಾ ಕಣ್ಣುಜ್ಜುತ್ತಾ ಕೋಣೆಯಿಂದ ಬಂದಳು.

"ಮಮ್ಮಿ, ವೇರ್ ಆರ್ ಯು ಗೋಯಿಂಗ್?"

"ಬ್ರಿಜಿಟ್ ಆಂಟಿಯವರತ್ರ. ನೀರಿನ ಬದಿಗೆ."

"ಬಟ್ ಯು ಕಾಂಟ್ ರೈಡ್. ಪಪ್ಪ ಸೆಡ್."

"ಲಿಫ್ಟ್ ಸ್ವಲ್ಪ ಹಿಡಿ."

ಕ್ಷಮಾ ಬರಿಗಾಲಲ್ಲಿ ಬಂದು ಲಿಫ್ಟಿನ ಬಾಗಿಲು ಹಿಡಿದಳು. ಸೈಕಲ್ ಒಳಗೆ ನೆಟ್ಟಗೆ ನಿಲ್ಲಿಸಿದರೆ ಮಾತ್ರ ಹಿಡಿಯುತ್ತಿತ್ತು. ಮುಂದಿನ ಚಕ್ರ ಮೇಲೆತ್ತಿ, ಅದನ್ನು ಎದೆಗೆ ಒರಗಿಸಿಕೊಂಡು ಲೀಲಾಕ್ಷಿ ಒಬ್ಬಳೇ ಇಳಿದಳು.

ಗೇಟಿನ ಹೊರಗೆ ಒಂದು ಕ್ಷಣ ನಿಂತಳು. ಇಷ್ಟು ವರ್ಷಗಳಾಗಿತ್ತು. ನಿಜವಾಗಿಯೂ ಟಚ್ ಹೋಗಿರಬಹುದು ಎಂಬ ಅಳುಕು ಬಂತು. ಎಡಗಾಲು ಪೆಡಲಿನ ಮೇಲಿಟ್ಟು ಎರಡು ಸಲ ನೆಲ ಒದ್ದು ಬಾರಿನ ಮೇಲಿಂದ ಕಾಲು ಹಾಕಿದಳು. ಸೈಕಲ್ ಒಂದು ಸಲ ಓಲಾಡಿ ನೇರವಾಯಿತು. ಸೈಟಿನ ಎದುರು ಪಠಾಣ ಚಾದ ಮಗ್ಗು ಹಿಡಿದು ಎದ್ದು ನಿಂತ. ಅವಳು ಅವನತ್ತ ನೋಡಲಿಲ್ಲ. ರಜೆಯ ದಿನ; ರಸ್ತೆಯಲ್ಲಿ ವಾಹನಗಳಿರಲಿಲ್ಲ. ಒಂದು ಕಾರು ನಿಧಾನ ಮಾಡಿ, ಒಳಗಿದ್ದವರು ಕತ್ತು ತಿರುಗಿಸಿ ನೋಡಿ ಹೋದರು. ನೋಡಲಿ. ಸಿತ್ರಾದ ಕಡೆಯಿಂದ ಉಪ್ಪು ಗಾಳಿ ಎದುರು ಬಂತು. ಅವಳು ಎದ್ದು ನಿಂತು ತುಳಿದಳು.

ಸೇತುವೆಯ ಈಚೆ ನೀರಿನ ಬದಿಯಲ್ಲಿ ಎರಿಕ್ ಮತ್ತು ಜಯಂತ್ ಪಿಕಪ್ಪಿನಿಂದ ಸೈಕಲ್ ಇಳಿಸುತ್ತಿದ್ದರು. ಬ್ರಿಜಿಟ್ ಟೋಪಿಯ ದಾರ ಕಟ್ಟುತ್ತಿದ್ದವಳು ಹಾಗೇ ನಿಂತಳು. ಲೀಲಾಕ್ಷಿ ಬ್ರೇಕ್ ಹಿಡಿದು, ಕಾಲು ಊರಿ ಇಳಿದಳು. ಉಸಿರು ಏರಿತ್ತು.

"ಲೀಲಕ್ಕ," ಎಂದ ಎರಿಕ್, ಇಳಿಸುತ್ತಿದ್ದ ಸೈಕಲ್ಲನ್ನು ಅರ್ಧದಲ್ಲೇ ಹಿಡಿದು.

"ಓಹೋ," ಎಂದ ಜಯಂತ್. "ಮಹಾಬಲಣ್ಣ ಗುಟ್ಟಿನಲ್ಲಿ ಕಲಿಸಿದ್ದು. ಗುರು ಅಂದ್ರೆ ಹಾಗಿರ್ಬೇಕು."

"ಅವರು ಕಲಿಸಿದ್ದಲ್ಲ," ಎಂದಳು ಲೀಲಾಕ್ಷಿ. ದನಿ ಏರಲಿಲ್ಲ, ಆದರೆ ಮೂವರಿಗೂ ಕೇಳಿಸಿತು. "ಹೂವು ತಕೊಂಡು ಹೋಗ್ತಿದ್ದೆ, ಮದುವೆಗೆ ಮೊದ್ಲು. ಮಲ್ಲಿಗೆ. ದಿನಾ ಬೆಳಿಗ್ಗೆ ಕಟ್ಟೆಗೆ."

"ಮತ್ತೆ ನೀವು ಅಳುದು ಅಂತ..." ಬ್ರಿಜಿಟ್ ಮಾತು ನಿಲ್ಲಿಸಿದಳು. ಅವಳ ಮುಖದಲ್ಲಿ ಏನೋ ಒಂದಕ್ಕೊಂದು ಕೂಡಿಕೊಳ್ಳುತ್ತಿತ್ತು.

"ಅದು ನಂಗೂ ನಿನ್ನೆ ನೀವು ಹೇಳಿಯೇ ಗೊತ್ತಾದ್ದು."

ಯಾರೂ ನಗಲಿಲ್ಲ. ಎರಿಕ್ ಸುಮ್ಮನೆ ಪಂಪು ಹುಡುಕಿದ. ಚಕ್ರಗಳಲ್ಲಿ ಗಾಳಿ ಇದ್ದೇ ಇತ್ತು. "ಹಾಗಾದ್ರೆ ಮಹಾಬಲ?" ಎಂದು ಕೊನೆಗೆ ಕೇಳಿದ.

"ಅವರು ವ್ಯಾನಿನಲ್ಲಿ ಇರ್ತಾರೆ."

ನಾಲ್ವರೂ ಹೊರಟರು. ಮೊದಲು ಬ್ರಿಜಿಟ್ ಪಕ್ಕದಲ್ಲೇ ಬರುತ್ತಿದ್ದಳು, ಆಮೇಲೆ ಹಿಂದೆ ಉಳಿದಳು. ಸಮುದ್ರದ ಇಳಿತದ ಹೊತ್ತು; ಕೆಸರಿನ ಮೇಲೆ ಉದ್ದ ಕಾಲಿನ ಹಕ್ಕಿಗಳು ನಿಂತಿದ್ದವು. ಲೀಲಾಕ್ಷಿಯ ತೊಡೆಗಳು ನೋಯತೊಡಗಿದ್ದವು. ಅವಳು ನಿಲ್ಲಿಸಲಿಲ್ಲ.

ಸ್ವಲ್ಪ ದೂರ ಹೋದ ಮೇಲೆ ಹಿಂದಿನಿಂದ ಎಂಜಿನಿನ ಸದ್ದು ಕೇಳಿಸಿತು. ದಾಟಿ ಹೋಗಲಿ ಎಂದು ಅವಳು ಬದಿಗೆ ಸರಿದಳು. ಸದ್ದು ದಾಟಲಿಲ್ಲ. ತಿರುಗಿ ನೋಡಿದಾಗ ಅವರ ಮನೆಯದೇ ಬೂದು ಕಾರು, ಸೈಕಲ್‌ಗಳ ವೇಗದಲ್ಲೇ ಬರುತ್ತಿತ್ತು. ಮುಂದಿನ ಸೀಟಿನಲ್ಲಿ ಕ್ಷಮಾ ಚಾದ ಫ್ಲಾಸ್ಕನ್ನು ಮಡಿಲಲ್ಲಿ ಹಿಡಿದು, ಗಾಜು ಇಳಿಸಿ, ಅವಳನ್ನೇ ನೋಡುತ್ತಿದ್ದಳು. ಸ್ಟೀರಿಂಗನ್ನು ಎರಡೂ ಕೈಗಳಲ್ಲಿ ಬಿಗಿಯಾಗಿ ಹಿಡಿದ ಮಹಾಬಲ ಪೈಜಾಮದ ಅಂಗಿಯಲ್ಲೇ ಇದ್ದ. ಬಲಗಡೆಯ ಇಂಡಿಕೇಟರ್ ಒಂದೇ ಸಮನೆ ಮಿನುಗುತ್ತಿತ್ತು. ಆ ಬದಿಯಲ್ಲಿ ತಿರುಗುವ ದಾರಿಯೇ ಇರಲಿಲ್ಲ, ನೀರಿತ್ತು.

ಲೀಲಾಕ್ಷಿ ಮುಂದೆ ತಿರುಗಿ ದೂರ ನೋಡಿದಳು.