ಇದ್ದಿಲು ಮತ್ತು ಬೂದಿ

ಹದಿನಾಲ್ಕು ವರ್ಷದ ಹಿಂದೆ, ಅಪ್ಪ ಹಾಸಿಗೆ ಹಿಡಿದಿದ್ದಾಗ, ಅಣ್ಣನ ಕೈಯ ಮೇಲೆ ನನ್ನ ಕೈ ಇರಿಸಿ ಮಾತು ತೆಗೆದುಕೊಂಡಿದ್ದರು: ಒಬ್ಬರ ಗೂಡು ಖಾಲಿಯಾದರೆ ಇನ್ನೊಬ್ಬರು ತುಂಬಬೇಕು. ಅಣ್ಣ ಆಗಲಿ ಎಂದ. ನಾನೂ ಆಗಲಿ ಎಂದೆ.

ಅಪ್ಪನ ಕಸುಬು ನೀಲಿ ಕೋಳಿ ಸಾಕುವುದು. ತಿನ್ನಲಿಕ್ಕಲ್ಲ, ನೋಡಲಿಕ್ಕೆ. ಸ್ಲೇಟಿನ ಬಣ್ಣದ ಗರಿ, ಗರಿಯ ಅಂಚಿಗೆ ಕಾಡಿಗೆ ತೀಡಿದಂಥ ಗೆರೆ. ಹೋಟೆಲಿನವರು ಹುಲ್ಲುಹಾಸಿನ ಮೇಲೆ ಬಿಡಲು ಕೊಳ್ಳುತ್ತಿದ್ದರು. ಆದರೆ ನೀಲಿ ಕೋಳಿಯ ಮೊಟ್ಟೆ ಒಡೆದರೆ ಅರ್ಧದಷ್ಟು ಮರಿಗಳು ಮಾತ್ರ ನೀಲಿ. ಉಳಿದವುಗಳಲ್ಲಿ ಕೆಲವು ಕಡುಗಪ್ಪು, ಕೆಲವು ಬೂದಿ ಚೆಲ್ಲಿದಂಥ ಬಿಳಿ. ಕೆಟ್ಟ ರಕ್ತ ಎನ್ನುತ್ತಿದ್ದರು ಅಪ್ಪ. ಅವುಗಳಿಂದ ಮರಿ ಮಾಡಿಸುವ ಯೋಚನೆ ನಮ್ಮಲ್ಲಿ ಯಾರಿಗೂ ಬಂದದ್ದಿಲ್ಲ.

ಅಪ್ಪ ಹೋದ ಮೇಲೆ ಕೋಳಿಗಳೆಲ್ಲ ಅಣ್ಣನ ಪಾಲಾದವು. ಗಂಡನ ಮನೆ ಸೇರಿದ್ದ ನಾನು ಕೇಳಲಿಲ್ಲ. ಗಂಡ ತೀರಿಕೊಂಡು, ಹೈಸ್ಕೂಲಿನ ಮಗಳೊಂದಿಗೆ ಅಪ್ಪನ ಹಿತ್ತಲ ಶೆಡ್ಡಿಗೆ ಬಂದು ಸೇರಿದ ಮೇಲೆ ಕೇಳಿದೆ. ನನ್ನ ಗೂಡು ಖಾಲಿ, ಅಪ್ಪನಿಗೆ ಕೊಟ್ಟ ಮಾತು ನೆನಪಿದೆಯಾ ಎಂದೆ.

ಅಣ್ಣ ಮರುದಿನವೇ ಬುಟ್ಟಿ ತಂದಿಳಿಸಿದ. ಒಂದು ಕರಿ ಹುಂಜ, ಎಂಟು ಬೂದಿ ಬಿಳುಪಿನ ಹೇಟೆಗಳು. ಒಂದಾದರೂ ನೀಲಿ ಇರಲಿಲ್ಲ.

"ತಗೊಳ್ಳಮ್ಮ, ತುಂಬಿಸಿದೀನಿ. ಇದ್ದಿಲೂ ಇದೆ, ಬೂದಿನೂ ಇದೆ. ಒಲೆ ಹಚ್ಕೊಂಡು ಆರಾಮಾಗಿರು."

ಅತ್ತಿಗೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ನನ್ನ ಮಗಳು ನೋಡುತ್ತಿದ್ದಳು. ಹಲ್ಲು ಕಚ್ಚಿಕೊಂಡು ಬುಟ್ಟಿ ಒಳಗಿಟ್ಟೆ. ಈ ಒಲೆಯಲ್ಲಿ ನಿನ್ನನ್ನೇ ಬೇಯಿಸದಿದ್ದರೆ ಕೇಳು ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ಹಗಲೆಲ್ಲ ಬಟ್ಟೆ ಕಾರ್ಖಾನೆಯಲ್ಲಿ ಕಾಲರ್ ಹೊಲಿದು ಬಂದು ಗೂಡು ಗುಡಿಸುತ್ತಿದ್ದೆ. ಬೇರೆ ಹುಂಜ ತರುವ ಶಕ್ತಿ ಇರಲಿಲ್ಲ. ಇದ್ದದ್ದನ್ನೇ ಕೂಡಿಸಿ ಮೊಟ್ಟೆಗಳನ್ನು ಬಲ್ಬಿನ ಪೆಟ್ಟಿಗೆಗೆ ಇಟ್ಟೆ. ಇಪ್ಪತ್ತೊಂದನೆಯ ದಿನ ಮುಚ್ಚಳ ತೆಗೆದು ನೋಡಿದರೆ ಇಪ್ಪತ್ತಮೂರು ಮರಿ. ಇಪ್ಪತ್ತಮೂರೂ ನೀಲಿ.

ಕಾಕತಾಳೀಯ ಎಂದುಕೊಂಡೆ. ಎರಡನೆಯ ಸಲವೂ ಹಾಗೇ ಆಯಿತು. ಮಗಳು ತನ್ನ ವಿಜ್ಞಾನದ ಪುಸ್ತಕ ತಂದು ತಲೆ ಕೆರೆದುಕೊಂಡಳು. ಪಾಠದಲ್ಲಿ ಬಲವಾದ ಗುಣ ದುರ್ಬಲವಾದುದನ್ನು ಮುಚ್ಚಿಹಾಕುತ್ತದೆ ಎಂದಿತ್ತಂತೆ. ಇಲ್ಲಿ ಅದು ಕೂಡುತ್ತಿರಲಿಲ್ಲ. ನಾಲ್ಕು ದಿನ ಚೌಕ ಬರೆದಳು, ಅಳಿಸಿದಳು. ಕೊನೆಗೆ ಒಂದು ಸಂಜೆ ಕಾಳು ಆರಿಸುತ್ತಿದ್ದ ನನ್ನ ಪಕ್ಕ ಬಂದು ಕೂತಳು.

"ಇಲ್ಲಿ ಯಾರೂ ಯಾರನ್ನೂ ಮುಚ್ಚಲ್ಲಮ್ಮ. ಬಿಳೀದ್ರಲ್ಲಿ ಎರಡು ಚುಕ್ಕಿ ಇದೆ ಅನ್ಕೋ, ಕರೀದ್ರಲ್ಲಿ ಸೊನ್ನೆ. ಇವೆರಡು ಕೂಡಿದ್ರೆ ಪ್ರತಿ ಮರಿಗೂ ಒಂದೇ ಚುಕ್ಕಿ. ಒಂದು ಚುಕ್ಕಿ ಇರೋದೇ ನೀಲಿ."

"ನೀಲಿಗೆ ನೀಲಿ ಕೂಡಿದ್ರೆ?"

"ಕೆಲವಕ್ಕೆ ಎರಡು, ಕೆಲವಕ್ಕೆ ಒಂದು, ಕೆಲವಕ್ಕೆ ಏನೂ ಇಲ್ಲ. ಎಂಥ ಚೆಂದದ ನೀಲಿ ಆರಿಸಿದ್ರೂ ಅರ್ಧ ತಪ್ಪೇ ತಪ್ಪುತ್ತೆ. ಕೆಟ್ಟ ರಕ್ತ ಅನ್ನೋದೇ ಇಲ್ಲ. ತಾತ ಸುಮ್ನೆ ಬೈತಿದ್ರು."

ಮಾವನ ಮುಂದೆ ತುಟಿ ಬಿಚ್ಚಿದರೆ ನೋಡು ಎಂದೆ. ಅವಳು ನಕ್ಕಳು. ಆ ಬುಟ್ಟಿಯನ್ನು ಅವಳೂ ಮರೆತಿರಲಿಲ್ಲ.

ನನ್ನ ಮರಿಗಳು ಬೆಳೆದು ಕೋಳಿಗಳಾಗುವಷ್ಟರಲ್ಲಿ ಅಣ್ಣನಿಗೆ ಕುತ್ತಿಗೆಗೆ ಬಂದಿತ್ತು. ದೊಡ್ಡ ಹೋಟೆಲಿನ ಮ್ಯಾನೇಜರ್ ಒಂದೇ ದಿನ ಹುಟ್ಟಿದ ನಲವತ್ತು ನೀಲಿ ಮರಿ ಬೇಕೆಂದಿದ್ದ. ಅಣ್ಣ ಎಷ್ಟು ಪೆಟ್ಟಿಗೆ ಇಟ್ಟರೂ ಅರ್ಧ ಕಪ್ಪು ಬಿಳಿಗೇ ಹೋಗುತ್ತಿತ್ತು. ಮುಂದಿನ ಸಲವೂ ಹೀಗಾದರೆ ಬೇರೆಯವರನ್ನು ನೋಡಿಕೊಳ್ಳುವುದಾಗಿ ಮ್ಯಾನೇಜರ್ ಹೇಳಿ ಹೋದ. ತಳಿಯೇ ಕೆಟ್ಟಿದೆ ಎಂದು ಅಣ್ಣ ಅಪ್ಪನ ಕಾಲದಿಂದ ಬಂದ ಕೋಳಿಗಳನ್ನೆಲ್ಲ ಸಂತೆಗೆ ಸಾಗಿಸಿ ಗೂಡಿಗೆ ಸುಣ್ಣ ಹೊಡೆಸಿದ.

ಆಮೇಲೆ, ಬುಟ್ಟಿ ಇಳಿಸಿ ಹೋದಂದಿನಿಂದ ಹಿತ್ತಲ ಕಡೆ ತಲೆ ಹಾಕದಿದ್ದವನು, ನನ್ನ ಶೆಡ್ಡಿಗೆ ಬಂದ. ಅಂಗಳದ ತುಂಬ ನೀಲಿ ಕೋಳಿಗಳನ್ನು ಕಂಡು ಬಾಗಿಲಲ್ಲೇ ನಿಂತ. ಯಾವ ಊರಿಂದ ತಂದೆ, ಯಾರು ಕೊಟ್ಟರು ಎಂದು ಕೇಳಿದ. ನೀನೇ ಕೊಟ್ಟದ್ದು ಎಂದೆ. ತಮಾಷೆ ಎಂದುಕೊಂಡ.

"ನನ್ನ ಗೂಡು ಖಾಲಿ ಆಯ್ತಮ್ಮ. ಅಪ್ಪನ ಮಾತು ಮರೀಬೇಡ."

ಮರಿ ಕೊಡಲಾ ಎಂದೆ. ಬೇಡವಂತೆ, ಬೆಳೆದ ಕೋಳಿಗಳೇ ಬೇಕಂತೆ. ಪ್ರತಿ ಸಲ ತಂಗಿಯ ಬಾಗಿಲು ಕಾಯುವುದು ಅವನ ಮರ್ಯಾದೆಗೆ ಒಗ್ಗದು. ಕರಿ ಹುಂಜ ಅವನ ಕಾಲ ಬಳಿಯೇ ಮಣ್ಣು ಕೆದರುತ್ತಿತ್ತು.

"ಇದನ್ನೂ ತಗೊಂಡು ಹೋಗು ಅಣ್ಣ. ಎರಡು ಬಿಳಿ ಹೇಟೆನೂ ಕೊಡ್ತೀನಿ."

"ಇನ್ನೂ ಇಟ್ಕೊಂಡಿದೀಯಾ ಈ ದರಿದ್ರಾನ?" ಎಂದು ಕಾಲಿನಿಂದ ಅದನ್ನು ಸರಿಸಿದ. "ನಿನ್ನ ಒಲೆಗೇ ಇರಲಿ ಬಿಡು."

ಒಂದೇ ಒಂದು ಸಲ ಕೇಳಿದೆ. ಎರಡನೆಯ ಸಲ ಕೇಳಲಿಲ್ಲ. ಅವನು ಹೂಂ ಎನ್ನುವ ಜಾತಿಯವನಲ್ಲ ಎಂದು ಗೊತ್ತಿದ್ದೇ ಕೇಳಿದ್ದೆ. ಮಗಳು ಮತ್ತು ನಾನು ಅಂಗಳದ ನೀಲಿ ಕೋಳಿಗಳನ್ನೆಲ್ಲ ಹಿಡಿದು, ಗರಿ ಮುರಿಯದಂತೆ, ಅವನು ತಂದಿದ್ದ ಅದೇ ಹಳೆಯ ಬುಟ್ಟಿಗೂ ಇನ್ನೂ ಕೆಲವು ಬುಟ್ಟಿಗಳಿಗೂ ತುಂಬಿದೆವು. ನಾಲ್ಕು ಹುಂಜ, ಮೂವತ್ತು ಹೇಟೆ. ಅಣ್ಣನ ಮುಖ ಅರಳಿತು. ತಂಗಿ ಅಂದರೆ ಹೀಗಿರಬೇಕು ಎಂದು ಅತ್ತಿಗೆ ಬೀದಿಗೆಲ್ಲ ಹೇಳಿಕೊಂಡು ಬಂದಳಂತೆ.

ಅವನ ಮುಂದಿನ ಪೆಟ್ಟಿಗೆಯಲ್ಲಿ ನಲವತ್ತೆರಡು ಮರಿ ಹುಟ್ಟಿದವು. ನೀಲಿ ಇಪ್ಪತ್ತು. ಮ್ಯಾನೇಜರ್ ಅಲ್ಲಿಂದ ನೇರ ಹಿತ್ತಲಿಗೆ ಬಂದ. ನನ್ನ ಪೆಟ್ಟಿಗೆ ತೆರೆದು ತೋರಿಸಿದೆ. ಒಂದಕ್ಕೂ ಬಣ್ಣ ತಪ್ಪಿರಲಿಲ್ಲ. ಹೋಟೆಲಿನ ವ್ಯಾನು ಅಂದಿನಿಂದ ಅಣ್ಣನ ಮುಂಬಾಗಿಲು ದಾಟಿ ನನ್ನಲ್ಲಿಗೆ ಬರುತ್ತದೆ.

ನನಗೇ ಮೋಸ ಮಾಡಿದೆಯಾ ಎಂದು ಅಣ್ಣ ಕೂಗಾಡಿದ. ನೀನು ಕೇಳಿದ್ದನ್ನೇ ಕೊಟ್ಟೆನಲ್ಲ, ಏನು ಮೋಸ ಎಂದೆ. ಕೆಟ್ಟ ರಕ್ತ ಎಂದು ಗೊಣಗುತ್ತ ಈಗಲೂ ಕಪ್ಪು ಬಿಳಿ ಮರಿಗಳನ್ನು ಬೇರೆ ಮಾಡಿ ಸಂತೆಗೆ ಕಳಿಸುತ್ತಾನೆ. ನಾನು ಹೇಳಿಕೊಟ್ಟಿಲ್ಲ, ಹೇಳಿಕೊಡುವುದೂ ಇಲ್ಲ.

ಅಣ್ಣನ ಗೂಡು ಖಾಲಿಯಾಗಿತ್ತು, ತುಂಬಿಸಿದೆ. ಅಪ್ಪನಿಗೆ ಕೊಟ್ಟ ಮಾತು ನಡೆಸಿದ್ದೇನೆ.