ಹತ್ತು ಮಂದಿಯ ಸೆಕ್ಷನ್ನು

ಕಂಪ್ಲಿಯ ಶಾಲೆಯೊಂದರಲ್ಲಿ ಕಾರ್ಗಿಲ್ ವಿಜಯ ದಿನಕ್ಕೆ ನಾಟಕ ಆಡಿಸಲೇಬೇಕೆಂದು ಪಿ.ಟಿ. ಮೇಷ್ಟ್ರು ಕೊಟ್ರಯ್ಯ ಹಟ ಹಿಡಿದರು. ಸಲಹೆ ಕೊಡಲು ಬುಕ್ಕಸಾಗರದ ಹುಲುಗಪ್ಪನನ್ನು ಕರೆಸಿದರು. ಆತ ಆ ಯುದ್ಧದಲ್ಲಿ ಗುಡ್ಡ ಹತ್ತಿದ ಸಿಪಾಯಿ. ನಿವೃತ್ತನಾಗಿ ಭತ್ತ ಬೆಳೆಯುತ್ತಿದ್ದರೂ ಮೀಸೆಗೆ ಮಾತ್ರ ದಿನಾ ಕವಾಯತು ಮಾಡಿಸುತ್ತಿದ್ದ.

ಮೇಷ್ಟ್ರು ಹತ್ತು ಮಕ್ಕಳ ಕೈಗೆ ಕಟ್ಟಿಗೆಯ ಬಂದೂಕು ಕೊಟ್ಟು ಸಾಲಾಗಿ ನಿಲ್ಲಿಸಿದ್ದರು.

“ನೋಡ್ರಿ, ಮಿಲಿಟರ್ಯಾಗ ಒಂದು ಸೆಕ್ಷನ್ ಅಂದ್ರ ಹತ್ತು ಮಂದಿ. ಪುಸ್ತಕದಾಗ ಇದ್ದಂಗ ಮಾಡೀನಿ.”

“ಪುಸ್ತಕದಾಗ ಹತ್ತು ಖರೇನ ರೀ. ಗುಡ್ಡದಾಗ ಎಷ್ಟಿದ್ವಿ, ತೋರಸ್ತೀನಿ ತಡೀರಿ,” ಎಂದು ಹುಲುಗಪ್ಪ ತುದಿಯ ಹುಡುಗನ ಹೆಗಲು ಮುಟ್ಟಿದ. “ನಿನಗ ಕಾಮಾಲಿ. ಆಸ್ಪತ್ರ್ಯಾಗ ಮಲಕ್ಕೋ. ನೀನು ಸಾಹೇಬ್ರ ಟೆಲಿಫೋನ್ ಕಾಯಾಕ ಹೋಗು. ನೀನು ಟ್ರೇನಿಂಗಿಗೆ ಹೋಗೀದಿ. ಏನು ಟ್ರೇನಿಂಗು, ದೇವ್ರಿಗೂ ಗೊತ್ತಿಲ್ಲ. ನೀನು ರಜಾದ ಮ್ಯಾಲೆ ಊರಾಗ ಅದಿ. ಲಗ್ನ ನಿಂದು.”

ಮಕ್ಕಳು ಹೋ ಎಂದರು. ಮೇಷ್ಟ್ರ ಮುಖ ಮಾತ್ರ ಬಾಡಿತು.

“ಆರ ಮಂದಿ ಉಳದ್ರಲ್ರೀ! ನೋಡಾಕ ಚಂದ ಕಾಣಂಗಿಲ್ಲ.”

“ನಮಗೂ ಚಂದ ಕಾಣಲಿಲ್ಲ ಬಿಡ್ರಿ. ಅದಕ್ಕ ಅಡಿಗಿಯವನ್ನ ಎಳಕೊಂಡು ಹೋದ್ವಿ. ಗುಂಡಿನ ಪೆಟ್ಟಿಗಿ ಹೊರಾಕ ಆಳು ಬೇಕಿತ್ತು. ಅವನು ಪೆಟ್ಟಿಗಿ ಜೋಡಿ ಕುಕ್ಕರ್ನೂ ಬೆನ್ನಿಗೆ ಕಟಿಗೊಂಡ. ‘ಅದನ್ನ ಬಿಟ್ಟು ಬಾರಲೇ’ ಅಂದ್ರ, ‘ಸರ್ಕಾರಿ ಮಾಲು, ಕಳದ್ರ ಪಗಾರದಾಗ ಹಿಡೀತಾರ’ ಅಂದ. ಸಾಯಾಕ ಹೆದರಲಿಲ್ಲ, ಕುಕ್ಕರ್ ಕಳಿಯಾಕ ಹೆದರಿದ.”

“ನಾನು ಅಡಿಗಿಯವ ಆಗ್ತೀನ್ರಿ ಕಾಕಾ!” ಎಂದು ದುರ್ಗಾ ಎಂಬ ಹುಡುಗಿ ಬಂದೂಕನ್ನು ಅಲ್ಲೇ ಎಸೆದು ಮುಂದೆ ಬಂದಳು. ಆಮೇಲೆ ಕೇಳಿದಳು, “ಲಗ್ನಕ್ಕ ಹೋದಾವ ಏನಾದ?”

“ಸಿದ್ದಲಿಂಗೇಶ, ನಮ್ಮ ಸಂಡೂರಾವ. ಯುದ್ಧ ಅಂತ ಕೇಳಿ, ಮೈಮ್ಯಾಲಿನ ಅರಿಶಿಣ ಹೋಗೋದ್ರಾಗ ರೈಲು ಹತ್ತಿದ. ಪಾಯಖಾನಿ ಬಾಗಲದಾಗ ಕುಂತು ಬಂದ. ಬರೋದ್ರಾಗ ಎಲ್ಲ ಮುಗದಿತ್ತು. ನಮ್ಮೊಳಗ ಇಬ್ರು ಉಳೀಲಿಲ್ಲ.” ಹುಲುಗಪ್ಪ ಮೀಸೆ ನೀವಿಕೊಂಡ. “ಇವತ್ತಿಗೂ ನನ್ನ ಮುಂದ ಆ ಮಾತು ತಗಿಯಂಗಿಲ್ಲ ಅಂವ.”

ನಾಟಕದ ದಿನ ಸಿದ್ದಲಿಂಗೇಶನನ್ನೂ ಹುಲುಗಪ್ಪ ಎಳೆದು ತಂದು ಮುಂದಿನ ಸಾಲಿನಲ್ಲಿ ಕೂರಿಸಿದ. ಬೆಂಚಿನ ಮೇಲೆ ಬೆಂಚು ಪೇರಿಸಿ ಗುಡ್ಡ ಮಾಡಿದ್ದರು. ರಂಗದ ಒಂದು ಮೂಲೆಯಲ್ಲಿ ಕಾಮಾಲೆಯವನು ಕಂಬಳಿ ಹೊದ್ದು ಮಲಗಿದ್ದ. ಇನ್ನೊಂದು ಮೂಲೆಯಲ್ಲಿ ರಜೆಯವನು ಬಾಸಿಂಗ ಕಟ್ಟಿಕೊಂಡು ಕೂತಿದ್ದ. ದುರ್ಗಾಳ ಬಂದೂಕು ಇನ್ನೊಬ್ಬ ಹುಡುಗನ ಪಾಲಾಗಿತ್ತು; ಆರು ಮಂದಿ ತೆವಳತೊಡಗಿದರು. ಹಿಂದೆ ದುರ್ಗಾ ಬೆನ್ನ ಮೇಲಿನ ಕುಕ್ಕರಿನ ಪರವಾಗಿ ತಾನೇ ಸೀಟಿ ಹೊಡೆಯುತ್ತ ಏರಿದಳು. ಜನ ಬಿದ್ದು ಬಿದ್ದು ನಕ್ಕು ಚಪ್ಪಾಳೆ ತಟ್ಟಿದರು.

ಆ ಚಪ್ಪಾಳೆ ಕೇಳಿ ಮದುಮಗನಿಗೆ ತಡೆಯಲಾಗಲಿಲ್ಲ. ಬಾಸಿಂಗದ ಸಮೇತ ಎದ್ದು ಗುಡ್ಡದ ಕಡೆ ಓಡಿದ. ಅವನನ್ನು ಕಂಡು ಕಾಮಾಲೆಯವನೂ ಕಂಬಳಿ ಕಿತ್ತೆಸೆದ.

“ಲೇ, ನಿನಗ ಕಾಮಾಲಿ ಐತಿ! ಮಲಕ್ಕೋಲೇ!” ಪರದೆಯ ಹಿಂದಿನಿಂದ ಮೇಷ್ಟ್ರು ಹಲ್ಲು ಕಡಿದರು. ಯಾರು ಕೇಳುತ್ತಾರೆ? ಟೆಲಿಫೋನಿನವನೂ ಟ್ರೇನಿಂಗಿನವನೂ ಹತ್ತಿದರು. ಬೆಂಚುಗಳು ಕಿರ್ರೆಂದವು. ಗುಡ್ಡ, ಕುಕ್ಕರ್, ಮದುಮಗ ಎಲ್ಲ ಒಟ್ಟಿಗೆ ಕುಸಿದವು. ಯಾರಿಗೂ ಪೆಟ್ಟಾಗಲಿಲ್ಲ, ಮೇಷ್ಟ್ರ ಮರ್ಯಾದೆಯೊಂದನ್ನು ಬಿಟ್ಟು.

ನಗುತ್ತ ಪಕ್ಕಕ್ಕೆ ತಿರುಗಿದ ಹುಲುಗಪ್ಪನಿಗೆ ಸಿದ್ದಲಿಂಗೇಶನೂ ನಗುತ್ತಿರುವುದು ಕಂಡಿತು. ನೋಡನೋಡುತ್ತ ಅವನು ಟವೆಲ್ಲನ್ನು ಮುಖಕ್ಕೆ ಒತ್ತಿಕೊಂಡ. ಹೆಗಲು ಅಲುಗುತ್ತಿತ್ತು.

“ನಾನೂ ಹತ್ತಿದ್ನಲೇ,” ಎಂದ ಟವೆಲ್ಲಿನೊಳಗಿಂದ.

“ಹತ್ತಿದಿ. ಹತ್ತಿ ಎಲ್ಲಾರ್ನೂ ಕೆಡವಿದಿ.”

ಸಿದ್ದಲಿಂಗೇಶ ಮುಖ ಒರೆಸಿಕೊಂಡ. “ಅವತ್ತ ಏನಾತು, ಹೇಳೋ. ಇಷ್ಟು ದಿನ ಕೇಳಾಕ ಆಗಲಿಲ್ಲ ನನಗ.”

ಇಬ್ಬರೂ ಖಾಲಿ ತರಗತಿಯೊಂದಕ್ಕೆ ಹೋಗಿ, ಮಕ್ಕಳ ಗಿಡ್ಡ ಬೆಂಚಿನಲ್ಲಿ ಮೊಣಕಾಲು ಎದೆಗೆ ತಾಗಿಸಿಕೊಂಡು ಕೂತರು. ಹುಲುಗಪ್ಪ ಮೊದಲು ತೀರಿಹೋದ ಆ ಇಬ್ಬರ ಹೆಸರು ಹೇಳಿದ. ಒಬ್ಬ ಎಂಥ ಗೊರಕೆ ಹೊಡೆಯುತ್ತಿದ್ದ, ಇನ್ನೊಬ್ಬ ಇಸ್ಪೀಟಿನಲ್ಲಿ ಹೇಗೆ ಮೋಸ ಮಾಡುತ್ತಿದ್ದ ಎಂಬುದರಿಂದ ಶುರುಮಾಡಿದ. ಅವನ ಮಾತು ಗುಡ್ಡದ ಬುಡ ಮುಟ್ಟುವ ಹೊತ್ತಿಗೆ ಹೊರಗಿನ ಗದ್ದಲವೆಲ್ಲ ಅಡಗಿತ್ತು.